ನೀಲವ್ವನಾಗಿ ಬಂದವಳು

ಡೊಂಬಿವಲಿ, ನವೆಂಬರ್ ೧೨, ಮಂಗಳವಾರ

ಕಲ್ಯಾಣದ ಹಳೆಯ ಮರಣ ದಾಖಲೆಯಲ್ಲಿ ಇವತ್ತು ನಮ್ಮ ಮನೆತನದವರ ಹೆಸರು ಸಿಕ್ಕಿತು. ಅದರಲ್ಲೊಂದು ಸಿಗಬಾರದಿತ್ತು.

೧೮೮೯ರ ಕಾಲರಾ. ರೈಲು ಹಾದಿಗೆ ಕಲ್ಲು ಒಡೆಯಲು ವಿಜಾಪುರದಿಂದ ಬಂದಿದ್ದ ಮುತ್ತಜ್ಜನ ತಂದೆ ಈರಪ್ಪ ಅದರಲ್ಲಿ ಸತ್ತದ್ದು ಗೊತ್ತೇ ಇತ್ತು. ಆದರೆ ಕೆಳಗಿನ ಸಾಲಿನಲ್ಲಿ, ಅದೇ ದಿನ, ಅವನ ಹೆಂಡತಿ ನೀಲವ್ವ. ಅವಳು ಬಸುರಿಯಾಗಿ ಊರಿಗೆ ಮರಳಿ ಮುತ್ತಜ್ಜನನ್ನು ಹೆತ್ತಳೆಂದು ಕೇಳಿಯೇ ನಾವೆಲ್ಲ ಬೆಳೆದದ್ದು.

ಅಪ್ಪನಿಗೆ ಫೋನ್ ಮಾಡಿದೆ. "ಅಪ್ಪಾ, ಬಂದಾಕಿ ನೀಲವ್ವನ ಅಂತ ಗುರ್ತು ಹಿಡದವ್ರು ಯಾರು?"

"ಆಕಿ ಅತ್ತಿ. ಮುದುಕಿಗೆ ಕಣ್ಣು ಕಾಣ್ತಿರ್ಲಿಲ್ಲವಾ. ಮಾರಿ ಸವರಿ, ಬಂದ್ಯಾ ನೀಲವ್ವ ಅಂದ್ಳಂತ."

"ನೀಲವ್ವ ಏನಂದ್ಳು?"

"ಏನೂ ಇಲ್ಲ. ವರ್ಷಗಟ್ಲೆ ಬಾಯೇ ಬಿಡ್ಲಿಲ್ಲಂತ."

ಮದುವೆಯಾದ ವಾರಕ್ಕೇ ಇತ್ತ ಹೊರಟವಳ ಮುಖ ಊರಿನವರಿಗೂ ನೆನಪಿರಲಿಕ್ಕಿಲ್ಲ. ಹಾಗಾದರೆ ಆ ಮನೆಯಲ್ಲಿ ಬಾಳಿ ಮಣ್ಣಾದವಳು ಯಾರು? ನಾವು ಯಾರ ಕುಡಿಗಳು? ಅಪ್ಪನಿಗೆ ದಾಖಲೆಯ ವಿಷಯ ಹೇಳದೆ ಫೋನ್ ಇಟ್ಟೆ.

ಮಗಳಿಗೆ ನೀಲವ್ವನ ಹೆಸರನ್ನೇ ಇಟ್ಟಿದ್ದೇನೆ. ಊಟಕ್ಕೆ ಕರೆಯಲು ಹೋಗಿ ಬಾಗಿಲಲ್ಲೇ ನಿಂತೆ. ಹೆಸರು ಬಾಯಿಗೆ ಬರಲಿಲ್ಲ.

"ಮಮ್ಮಿ, ಕಾಯ್ ಝಾಲಂ?" ಏನಾಯಿತೆಂದು ಮರಾಠಿಯಲ್ಲಿ ಕೇಳುತ್ತ ಅವಳೇ ತಿರುಗಿದಳು. ಆ ಮುಖ ನನ್ನ ಹಾಗಿಲ್ಲ, ಅವಳಪ್ಪನ ಹಾಗೂ ಇಲ್ಲ. ಇಷ್ಟು ದಿನ ನಾನು ಅದನ್ನು ನೀಲವ್ವನ ಮುಖ ಎಂದುಕೊಂಡಿದ್ದೆ.