ನಿನ್ನ ಭಾವನ ಬಂದೂಕು

ಮಾರ್ಚ್ ೯, ಸೋಮವಾರ

ಪ್ರೀತಿಯ ಪುಟ್ಟಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಪತ್ರಗಳೆಲ್ಲ ಬಂದಿವೆ. ಉತ್ತರ ಬರೆಯಲಿಲ್ಲವೆಂದು ಸಿಟ್ಟು ಮಾಡಿಕೊಂಡಿರುತ್ತೀಯ, ಮಾಡಿಕೋ. ಅರವತ್ತು ದಾಟಿದರೂ ಮೂಗಿನ ತುದಿಯ ಸಿಟ್ಟು ನಿನ್ನನ್ನು ಬಿಟ್ಟಿಲ್ಲ. ಮಂಡಿನೋವಿಗೆ ಬಿಸಿನೀರು ಹಾಕಿಕೊಳ್ಳುತ್ತಿದ್ದೇನೆ ಎಂದು ಬರೆದಿದ್ದೀಯ. ಅದೆಲ್ಲ ಸಾಕು, ಡಾಕ್ಟರ ಹತ್ತಿರ ಹೋಗು. ಹೀಗೆ ಹೇಳುವವಳು ನಾನೇನಾ ಎಂದು ನಗಬೇಡ. ಈ ಮನೆಗೆ ಆಸ್ಪತ್ರೆಯ ಗಾಳಿ ಬೀಸಿ ತಿಂಗಳಾಯಿತು.

ಸಂಗತಿ ನಿನ್ನ ಭಾವನದು. ಬ್ಯಾಂಕಿನ ಹಣದ ವ್ಯಾನಿನ ಕಾವಲು ಕೆಲಸ ಮುಗಿಸಿ ಮನೆಯಲ್ಲಿ ಕೂತ ಮೇಲೆ ಅವರು ಮೊದಲಿನಂತಿಲ್ಲ. ನಿದ್ದೆ ಹೋಯಿತು. ತಟ್ಟೆಯಲ್ಲಿ ಕೈಯಾಡಿಸುತ್ತಿದ್ದರು, ಬಾಯಿಗಿಡುತ್ತಿರಲಿಲ್ಲ. ಗಡ್ಡ ಬೋಳಿಸಿಕೊಳ್ಳದೆ ಹೊಸ್ತಿಲು ದಾಟದಿದ್ದ ಮನುಷ್ಯ ದಿನವಿಡೀ ಕಿಟಕಿಯ ಹತ್ತಿರ ಕೂತಿರುತ್ತಿದ್ದರು. ಭಾನುವಾರ ತಪ್ಪದೆ ಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದ ತಮ್ಮ ಬಂದೂಕನ್ನೂ ಮರೆತಂತಿದ್ದರು. ಸೋಮಾರಿತನ ಎಂದುಕೊಂಡು ನಾನು ಗದರುತ್ತಿದ್ದೆ. ಸೊಸೆ ಮಾತ್ರ, "ಅತ್ತೆ, ಇದು ಬೇರೆ ಏನೋ. ಮಾವನ್ನ ಡಾಕ್ಟರಿಗೆ ತೋರಿಸ್ಲೇಬೇಕು" ಎಂದು ಬೆನ್ನು ಬಿಡಲಿಲ್ಲ. ಹಟದಲ್ಲಿ ಅವಳು ನನ್ನನ್ನೇ ಮೀರಿಸುವವಳು. ಕೊನೆಗೆ ಮೂವರೂ ನಮ್ಮ ಬೀದಿಯ ತುದಿಯಲ್ಲಿರುವ ಆರೋಗ್ಯ ಕೇಂದ್ರಕ್ಕೆ ಹೋದೆವು.

ಡಾಕ್ಟರು ನೋಡುವ ಮೊದಲು ಅಲ್ಲಿ ಒಬ್ಬ ನರ್ಸ್ ಎಲ್ಲರನ್ನೂ ಕೂರಿಸಿಕೊಂಡು ವಿಚಾರಿಸುತ್ತಾಳೆ. ನಮ್ಮ ಸೊಸೆಗಿಂತ ಚಿಕ್ಕವಳು.

"ನಿದ್ದೆ ಹೇಗಿದೆ ತಾತ?"

"ಬರುತ್ತೆ, ಬೆಳಗಿನ ಜಾವಕ್ಕೆ" ಎಂದೆ ನಾನು.

"ಊಟ?"

"ಮಾಡ್ತಾರೆ, ನಾನು ಎದುರಿಗೆ ನಿಂತ್ರೆ."

"ಮನೇಲಿ ಬಂದೂಕು ಏನಾದ್ರೂ ಇದೆಯಾ?"

ನನಗೆ ರೇಗಿತು. "ಏನಮ್ಮ, ನಾವು ಡಕಾಯಿತರ ಥರ ಕಾಣ್ತೀವಾ? ನಿದ್ದೆಗೆ ಮಾತ್ರೆ ಕೇಳೋಕೆ ಬಂದ್ರೆ ಪೊಲೀಸ್ ವಿಚಾರಣೆ ಮಾಡ್ತೀಯಲ್ಲ!"

ಅವಳು ನಕ್ಕಳು. "ಬಂದೋರ್ನೆಲ್ಲ ಕೇಳ್ತೀನಮ್ಮ. ಕೆಮ್ಮು ಅಂತ ಬಂದೋರ್ನೂ ಬಿಡಲ್ಲ. ಆದ್ರೆ ಇಷ್ಟೊತ್ತಾದ್ರೂ ತಾತನ ಧ್ವನೀನೇ ನಾನು ಕೇಳ್ಲಿಲ್ಲ. ನೀವು ಸ್ವಲ್ಪ ಹೊರಗೆ ಕೂತ್ಕೊತೀರಾ?"

ಪುಟ್ಟಿ, ಮದುವೆಯಾದಾಗಿನಿಂದ ಅವರನ್ನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟವಳು ನಾನು. ಷರಟು ಬಿಗಿಯಾಯಿತೇ ಎಂದು ದರ್ಜಿ ಕೇಳಿದರೂ ನಾನೇ ಹೇಳಬೇಕು. ಅಂಥವಳನ್ನು ನಿನ್ನೆ ಮೊನ್ನೆ ಹುಟ್ಟಿದ ಹುಡುಗಿ ಬಾಗಿಲಾಚೆ ಬೆಂಚಿಗೆ ಕಳಿಸಿದಳು. ಅವರು ತಾತನಂತೆ, ನಾನು ಅಮ್ಮನಂತೆ. ಅಷ್ಟರಮಟ್ಟಿಗೆ ಬುದ್ಧಿಯಿದೆ ಎಂದು ಸುಮ್ಮನಾದೆ. ಸೊಸೆ ಆಚೆ ಮುಖ ತಿರುಗಿಸಿ ನಗುತ್ತಿದ್ದಳು, ಕಂಡೂ ಕಾಣದ ಹಾಗಿದ್ದೆ. ಒಳಗಿನಿಂದ ನಿನ್ನ ಭಾವನ ಧ್ವನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಮನೆಯಲ್ಲಿ ಹೂಂ, ಊಹೂಂ ಬಿಟ್ಟು ಬೇರೆ ಆಡದ ಮನುಷ್ಯ ಅಲ್ಲಿ ಎಷ್ಟೋ ಹೊತ್ತು ಮಾತಾಡಿದರು.

ಆಮೇಲೆ ಅವರ ಒಪ್ಪಿಗೆ ಪಡೆದು ಡಾಕ್ಟರು ನಮ್ಮನ್ನು ಒಳಗೆ ಕರೆದರು. ಇದು ಸೋಮಾರಿತನವಲ್ಲ, ಮನಸ್ಸಿನ ಕಾಯಿಲೆ, ವಾಸಿಯಾಗುತ್ತದೆ ಎಂದರು. ಮಾತ್ರೆ ಬರೆದರು. ವಾರಕ್ಕೊಮ್ಮೆ ಬಂದು ಮಾತಾಡಬೇಕೆಂದರು. ಗುಣವಾಗುವವರೆಗೆ ಬಂದೂಕು ಮಾತ್ರ ಮನೆಯಲ್ಲಿ ಇರಬಾರದಂತೆ.

"ಬೀರುಗೆ ಬೀಗ ಹಾಕಿ ಕೀಲಿ ನಾನಿಟ್ಕೋತೀನಿ. ನನ್ನನ್ನ ದಾಟಿ ಯಾರು ತೆಗೀತಾರೆ?" ಎಂದೆ.

"ನಿಮ್ಮನ್ನ ದಾಟೋದು ಯಾರ ಕೈಲೂ ಆಗಲ್ಲ, ಒಪ್ಪಿದೆ" ಎಂದಳು ನರ್ಸ್. "ಆದ್ರೆ ನೀವೂ ನಿದ್ದೆ ಮಾಡ್ಬೇಕಲ್ಲಮ್ಮ? ನಾನು ಮೊದ್ಲು ದೊಡ್ಡಾಸ್ಪತ್ರೆ ತುರ್ತು ವಿಭಾಗದಲ್ಲಿದ್ದೆ. ಬೇರೆ ಏನೇ ಮಾಡ್ಕೊಂಡು ಬಂದ್ರೂ ಎಷ್ಟೋ ಜನರನ್ನ ಉಳಿಸ್ಕೊಂಡಿದ್ದೀವಿ. ಗುಂಡು ನಮಗೆ ಸಮಯಾನೇ ಕೊಡಲ್ಲ. ಅದಕ್ಕೇ ಇಲ್ಲಿಗೆ ಬಂದೆ, ಮೊದ್ಲೇ ಕೇಳೋಣ ಅಂತ."

"ಹಾಗಾದ್ರೆ ಎಲ್ಲಿ ಕೊಡ್ಬೇಕು ಹೇಳು" ಎಂದೆ. ನಾನು ಅಷ್ಟು ಬೇಗ ಒಪ್ಪುವುದು ಅಪರೂಪ, ನಿನಗೆ ಗೊತ್ತು.

ಠಾಣೆಯಲ್ಲಿ ಜೋಪಾನವಾಗಿ ಇಟ್ಟುಕೊಂಡು, ಡಾಕ್ಟರು ಒಪ್ಪಿದ ಮೇಲೆ ವಾಪಸು ಕೊಡುತ್ತಾರಂತೆ. ನೆರೆಯವರು ನೋಡಿ ಏನಾದರೂ ಅಂದಾರೆಂದು ಬಂದೂಕನ್ನು ಹಳೆ ಬೆಡ್‌ಶೀಟಿನಲ್ಲಿ ಸುತ್ತಿದೆ. ಸುತ್ತಿದ ಮೇಲೆ ಹೆಣದ ಹಾಗೆ ಕಂಡಿತು. ತಕ್ಷಣ ಬಿಚ್ಚಿಹಾಕಿದೆ. ನೋಡುವವರು ನೋಡಲಿ. ನಿನ್ನ ಭಾವನೇ ಅದನ್ನು ಚೀಲಕ್ಕೆ ಹಾಕಿ ಹೆಗಲಿಗೇರಿಸಿಕೊಂಡರು, ಗುಂಡಿನ ಡಬ್ಬಿ ಸೊಸೆ ಹಿಡಿದಳು. ಠಾಣೆಯಲ್ಲಿ ಕೊಟ್ಟು ಹೊರಗೆ ಬಂದ ಮೇಲೆ ಅವರು, "ಹೆಗಲು ಹಗುರಾಯ್ತು ಕಣೆ" ಎಂದರು. ಎಷ್ಟೋ ದಿನಕ್ಕೆ ಅವರಾಗಿಯೇ ಆಡಿದ ಮಾತು.

ದಾರಿಯಲ್ಲಿ ಕ್ಷೌರದಂಗಡಿ ಹೊಕ್ಕರು. ಕೂದಲು ಎಷ್ಟು ಕತ್ತರಿಸಲಿ ಎಂದು ಅಂಗಡಿಯವನು ಅಭ್ಯಾಸಬಲದಿಂದ ನನ್ನನ್ನೇ ಕೇಳಿದ. ಬಾಯಿ ತೆರೆದವಳು ಮುಚ್ಚಿಕೊಂಡು ರಸ್ತೆ ನೋಡುತ್ತ ನಿಂತೆ. ಅವರೇ ಹೇಳಿ ತೀರಾ ಗಿಡ್ಡ ಮಾಡಿಸಿಕೊಂಡಿದ್ದಾರೆ. ಒಂಚೂರೂ ಒಪ್ಪುವುದಿಲ್ಲ. ಹೇಳಿಲ್ಲ.

ಈಗ ಸ್ವಲ್ಪ ಉಣ್ಣುತ್ತಾರೆ. ಕೆಲವು ದಿನ ಮತ್ತೆ ಮಂಕಾಗುತ್ತಾರೆ. ಹಾಗಾಗುವುದುಂಟು, ಹೆದರಬೇಡಿ ಎಂದಿದ್ದಾಳೆ ನರ್ಸ್. ತಪ್ಪದೆ ಫೋನ್ ಮಾಡುತ್ತಾಳೆ, ನಾನು ಎತ್ತಿ ಅವರ ಕೈಗೆ ಕೊಟ್ಟು ಅಡುಗೆಮನೆಗೆ ಹೋಗುತ್ತೇನೆ.

ಮಂಡಿ ಸರಿಮಾಡಿಕೊಂಡು ಬೇಗ ಬಾ. ನಿನ್ನ ಭಾವ ನಿನ್ನನ್ನು ಕೇಳುತ್ತಿರುತ್ತಾರೆ. ನೀನೂ ನಿನ್ನ ಮಕ್ಕಳೂ ನೂರು ಕಾಲ ಚೆನ್ನಾಗಿರಿ.

ನಿನ್ನ ಅಕ್ಕ

ತಾ.ಕ.: ಒಂದು ಮಾತು ಬರೆಯುವುದೋ ಬೇಡವೋ ಎಂದು ಬಿಟ್ಟಿದ್ದೆ. ಆ ದಿನ ಒಳಗೆ ಏನು ಹೇಳಿದರೆಂದು ನಿನ್ನೆ ಅವರೇ ತಿಳಿಸಿದರು. ನಾನು ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ, ಕೆಳಗೆ ಕೋಣೆಯಲ್ಲಿ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರಂತೆ, ಒಂದು ಸಲವಲ್ಲ. "ಆ ಹುಡುಗಿಗೆ ಹೇಳಿದ್ರಿ, ನಂಗ್ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ. "ನೀನು ಬೈತೀಯ ಅಂತ" ಎಂದರು. ತಮಾಷೆಯಿರಬೇಕೆಂದು ಮುಖ ನೋಡಿದೆ. ತಮಾಷೆಯಾಗಿರಲಿಲ್ಲ. ಪುಟ್ಟಿ, ನನ್ನ ಕೈಯಲ್ಲೇ ಬೆಳೆದವಳು ನೀನು. ನಾನು ಅಷ್ಟೊಂದು ಬಯ್ಯುತ್ತೇನೆಯೇ? ನಿಜ ಬರೆ. ಬಯ್ಯುವುದಿಲ್ಲ.