ಒಣಗದ ಬಾಯಿ

೨೦೧೨ ಜೂನ್ ೨೬, ಮಂಗಳವಾರ. ಐರೋಲಿ

ಹಾಲು ಉಕ್ಕಿತು. ಒರೆಸಿದೆ. ಮೊಣಕಾಲು ಇವತ್ತು ಬಗ್ಗುವುದಿಲ್ಲ ಎಂದು ಹಟ ಹಿಡಿದಿದೆ. ಸೊಸೆ ವಿನೋದಾ ಏಳು ನಲವತ್ತರ ಲೋಕಲ್ ಟ್ರೇನಿಗೆ ಓಡಿದಳು, ಹಿಂದಿನಿಂದ ಮಗ ಮೋಹನದಾಸ. ಇನ್ನು ಸಂಜೆಯ ತನಕ ನಾನು, ಫ್ರಿಜ್ಜಿನ ಸದ್ದು, ಬಾಲ್ಕನಿಯಲ್ಲಿ ಮೊಮ್ಮಗಳು ಅನುಷ್ಕಾ.

ಅವಳು ಅಜ್ಜನ ಚಿತ್ರ ಬರೆಯುತ್ತಿದ್ದಾಳೆ. ಆಗಸ್ಟ್ ಹನ್ನೆರಡಕ್ಕೆ ನಮ್ಮವರು ತೀರಿಕೊಂಡು ವರ್ಷ, ವರ್ಷಾಂತಿಕ. ಗೋಡೆಗೆ ಹಾಕಲು ಒಂದು ನೆಟ್ಟಗಿನ ಫೋಟೋ ಇಲ್ಲ. ಠಾಣೆ ಪೇಟೆಯ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಮೂವತ್ತೆರಡು ವರ್ಷ ಕೂತ ಮನುಷ್ಯ, ಫೋಟೋದವನ ಎದುರು ಎರಡು ನಿಮಿಷ ಕೂರಲಿಲ್ಲ. ಇರುವುದು ಪ್ಯಾನ್ ಕಾರ್ಡಿನದು. ಅದರಲ್ಲಿ ಪೊಲೀಸರು ಹಿಡಿದು ತಂದವರ ಹಾಗಿದ್ದಾರೆ.

ಹುಡುಗಿಗೆ ಕಾಮರ್ಸ್ ಬೇಡ, ಚಿತ್ರದ ಡಿಪ್ಲೊಮಾ ಬೇಕು. ಮೋಹನದಾಸ ಮೊನ್ನೆ ಅಂದ: "ಹನ್ನೆರಡನೇ ತಾರೀಕಿಗೆ ಅಪ್ಪ ಗೋಡೆಯಲ್ಲಿ ಕಾಣಲಿ. ಆಮೇಲೆ ಡಿಪ್ಲೊಮಾದ ಮಾತು." ಅವನ ಮುಖ ನೋಡಿದರೆ, ಅಪ್ಪ ಕಾಣುವುದೇ ಇಲ್ಲ ಎಂದು ಗಟ್ಟಿ ನಂಬಿದ ಹಾಗಿತ್ತು.

ಜೂನ್ ೩೦, ಶನಿವಾರ

"ಮೀಡಿಯಂ ಸರಿ ಆಗಬೇಕು ಅಜ್ಜಿ" ಅಂದಳು. ನನಗೆ ಗೊತ್ತಿರುವುದು ಇಂಗ್ಲಿಷ್ ಮೀಡಿಯಂ, ಮರಾಠಿ ಮೀಡಿಯಂ. ನನ್ನದು ನಾಲ್ಕನೇ ಕ್ಲಾಸಿನ ತನಕ ಕನ್ನಡ ಮೀಡಿಯಂ, ಅಲ್ಲಿಂದ ಮುಂದೆ ದನದ ಹಟ್ಟಿ ಮೀಡಿಯಂ.

ನಕ್ಕಳು. "ವೈಸಾ ನಹೀ. ಬಣ್ಣದಲ್ಲಿ ಕಲಸುವುದು. ಬಣ್ಣ ಸೇಮ್, ಮೀಡಿಯಂ ಚೇಂಜ್ ಆದರೆ ಅದರ ಬಿಹೇವಿಯರ್ ಚೇಂಜ್."

ಟರ್ಪೆಂಟೈನ್ ಕಲಸಿದರೆ ಬಣ್ಣ ನೀರಾಗಿ ಓಡುತ್ತದೆ, ಬೇಗ ಒಣಗುತ್ತದೆ. ಎಣ್ಣೆ ಕಲಸಿದರೆ ಹೊಳಪು, ನಿಧಾನ. ನಾಲ್ಕು ದಿನ ತಿದ್ದಬಹುದು. ಕೆಳಗಿನ ಕೋಟು ತೆಳು, ಮೇಲಿನದಕ್ಕೆ ಎಣ್ಣೆ ಜಾಸ್ತಿ. ಉಲ್ಟಾ ಮಾಡಿದರೆ ಬಿರುಕು ಬಿಡುತ್ತದಂತೆ.

ಮನುಷ್ಯರಿಗೂ ಕಲಸಲಿಕ್ಕೆ ಏನಾದರೂ ಸಿಗುತ್ತದಾ ಕೇಳಿದೆ. ನಿನ್ನಪ್ಪನಿಗೆ ಒಂದು ಶೀಶಿ ಬೇಕಿತ್ತು.

ಜುಲೈ ೭, ಶನಿವಾರ

ಇಡೀ ದಿನ ಅದೇ. ಮೂಗು ಇಷ್ಟು ನೆಟ್ಟಗಿರಲಿಲ್ಲ ಅಂದೆ. ತಿದ್ದಿದಳು. ಎಡ ಹುಬ್ಬು ಮೇಲೆ ಅಂದೆ. ತಿದ್ದಿದಳು. ಬಾಯಿ ಮಾತ್ರ ಬರುವುದಿಲ್ಲ. ಮುಚ್ಚಿದ ಬಾಯಿ ಬರೆದರೆ ಮೋಹನದಾಸ. ನಗುವ ಬಾಯಿ ಬರೆದರೆ ಚುನಾವಣೆಯ ಬ್ಯಾನರು. ಐದು ಸಲ ಒರೆಸಿದಳು.

"ಹೇಗಿತ್ತು ಹೇಳು ನಾ."

"ಹೀಗಿರಲಿಲ್ಲ."

"ಪಕ್ಕಾ ಇವರನ್ನೇ ಮದುವೆ ಆಗಿದ್ದಾ ನೀನು?"

ಬೈದೆ. ಆದರೆ ಹೆದರಿಕೆಯಾಯಿತು. ಒಂದು ವರ್ಷ ತುಂಬಿಲ್ಲ. ಕಣ್ಣು ಮುಚ್ಚಿದರೆ ಅಂಗಿ ಕಾಣುತ್ತದೆ, ಚಪ್ಪಲಿ ಕಾಣುತ್ತದೆ. ಬಾಯಿ ಕಾಣುವುದಿಲ್ಲ...

ಜುಲೈ ೧೧, ಬುಧವಾರ

ಟ್ರೇನಿನಿಂದ ಫೋನು ಮಾಡಿದಳು. "ಅಜ್ಜಿ, ಟೇಬಲ್ ಮೇಲಿನ ಚಿಕ್ಕ ಶೀಶಿ ಖಾಲಿ ಆಗಿದೆ. ಎಣ್ಣೆ ಹಾಕಿ ಇಡು, ಬಂದ ಕೂಡಲೇ ಮುಖ ಮಾಡಬೇಕು. ಮೇಲೆ ಶೆಲ್ಫ್..." ಕಟ್ಟಾಯಿತು.

ಹಾಕಿ ಇಟ್ಟೆ. ಮೈದುನ ಚೆನ್ನಯ ಉಡುಪಿಯಿಂದ ಕಳಿಸುವ ಗಾಣದ ಎಣ್ಣೆ. ಅಂಗಡಿಯದ್ದು ಹಾಕಲು ಮನಸ್ಸು ಬರಲಿಲ್ಲ.

ಜುಲೈ ೧೩, ಶುಕ್ರವಾರ

ಬಾಯಿ ಬಂತು.

ಸ್ವಲ್ಪ ತೆರೆದ ಬಾಯಿ. ಹೇಗೆ ಬಂತು ಎಂದು ಅವಳಿಗೂ ಗೊತ್ತಿಲ್ಲ. ಬ್ರಷ್ಷು ಜಾರಿತಂತೆ, ಬಣ್ಣ ಇವತ್ತು ಬೆಣ್ಣೆಯ ಹಾಗೆ ಹೋಗುತ್ತಿದೆಯಂತೆ. ನೋಡಿದೆ. ಅವರೇ. ಒಲೆಯ ಮೇಲೆ ಏನೋ ಇದೆ ಎಂದು ಒಳಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಜುಲೈ ೨೪, ಮಂಗಳವಾರ

ಹನ್ನೊಂದು ದಿನವಾಯಿತು. ಅಂಗಿ ಒಣಗಿದೆ, ಹಿಂದಿನ ಗೋಡೆ ಒಣಗಿದೆ. ಮುಖ ಇಲ್ಲ. ಮಳೆ ಎಂದಳು. ಇರಬಹುದು, ಒಳಗೆ ಹಾಕಿದ ನನ್ನ ಸೀರೆಯೇ ಮೂರು ದಿನವಾದರೂ ಒಣಗಿಲ್ಲ. ಫ್ಯಾನಿನ ಕೆಳಗೆ ಇಟ್ಟಿದ್ದೇವೆ. ಅವರಿಗೆ ಗಾಳಿ, ನಮಗೆ ಸೆಕೆ. ಇದ್ದಾಗಲೂ ಹಾಗೇ ಇತ್ತು.

ಜುಲೈ ೨೯, ಆದಿತ್ಯವಾರ

ಒಣಗಿಲ್ಲ. ಮೋಹನದಾಸ ಬೆರಳು ಮುಟ್ಟಿಸಿ ನೋಡಿದ, ಅಪ್ಪನ ಗಲ್ಲ ಬೆರಳಿಗೆ ಬಂತು. ಲುಂಗಿಗೆ ಒರೆಸಿಕೊಂಡ. "ಬಣ್ಣ ಒಣಗಿಸಲಿಕ್ಕೆ ಬಾರದವಳು ಡಿಪ್ಲೊಮಾ ಮಾಡುತ್ತಾಳಂತೆ. ಇನ್ನು ಸ್ಟುಡಿಯೋಕ್ಕೆ ಹೋಗಿ ಪ್ಯಾನ್ ಕಾರ್ಡನ್ನೇ ದೊಡ್ಡದು ಮಾಡಿಸುತ್ತೇನೆ."

ಅನುಷ್ಕಾ ಊಟಕ್ಕೆ ಬರಲಿಲ್ಲ. ಕರೆಯಲು ಹೋದೆ. ಗೋಡೆಗೆ ಮುಖ ಮಾಡಿ ಮಲಗಿದ್ದಳು. "ಸಬ್ ಬರಾಬರ್ ಮಾಡಿದ್ದೆ ಅಜ್ಜಿ. ಎಲ್ಲಿ ತಪ್ಪಿದೆ ಅಂತಲೇ ಗೊತ್ತಾಗುತ್ತಿಲ್ಲ. ನನ್ನ ಕೈಯಲ್ಲೇ ಇಲ್ಲ ಇದು." ಕಾಮರ್ಸಿನ ಫಾರ್ಮು ತಂದಿಟ್ಟಿದ್ದಾಳೆ.

ಆಗಸ್ಟ್ ೩, ಶುಕ್ರವಾರ

ಬಣ್ಣದ ಸಾಮಾನೆಲ್ಲ ಡಬ್ಬಕ್ಕೆ ತುಂಬುತ್ತಿದ್ದಳು. ಶೆಲ್ಫಿನಿಂದ ಒಂದು ಬಾಟಲಿ ಇಳಿಸಿದಳು. ಹಳದಿ ಎಣ್ಣೆ, ಜೇನಿನ ಹಾಗೆ.

"ಅದೆಂತದು?"

"ಲಿನ್ಸೀಡ್ ನಾ. ಜವಸ್. ಕನ್ನಡದಲ್ಲಿ ಅದೇನೋ... ಅಗಸೆ. ಇದೇ ಮೀಡಿಯಂ. ಶೀಶಿಗೆ ನೀನೇ ಹಾಕಿದೆಯಲ್ಲ."

ಅಗಸೆ. ಘಟ್ಟದ ಮೇಲಿನವರು ಚಟ್ನಿಪುಡಿ ಮಾಡುವುದು. ನಾನು ಮೆಲ್ಲ ಕೇಳಿದೆ, ಕೊಬ್ಬರಿ ಎಣ್ಣೆ ಕಲಸಿದರೆ ಒಣಗುತ್ತದಾ ಎಂದು.

"ಕಭೀ ನಹೀ. ನೂರು ವರ್ಷಕ್ಕೂ ಇಲ್ಲ. ನಿನ್ನ ತಲೆಗೆ ಹಾಕಿದ್ದು ಒಣಗುತ್ತದಾ?"

ನಮ್ಮಲ್ಲಿ ಎಣ್ಣೆ ಎಂದರೆ ಒಂದೇ. ಉಳಿದವಕ್ಕೆ ಹೆಸರು ಬೇಕು, ಎಳ್ಳೆಣ್ಣೆ, ಹರಳೆಣ್ಣೆ. ಇದಕ್ಕೆ ಬೇಡ. ಅದನ್ನು ಹೇಳಬೇಕಿತ್ತು. ಹೇಳಲಿಲ್ಲ. ನನ್ನ ಬಾಯಿ ಒಣಗುವುದೇ ಇಲ್ಲ ಎಂದು ಅವರು ಹೇಳುತ್ತಿದ್ದರು. ಇವತ್ತು ಒಣಗಿತು.

ಆಗಸ್ಟ್ ೫, ಆದಿತ್ಯವಾರ

ಹೇಳಿದರೆ ಮುಖ ಕೆರೆದು ತೆಗೆಯಬೇಕು. ಬಾಯಿಯೂ ಹೋಗುತ್ತದೆ. ಇನ್ನೊಮ್ಮೆ ಬರುತ್ತದಾ. ಹೇಳದಿದ್ದರೆ ಹುಡುಗಿ ತನ್ನ ಕೈಯೇ ಸರಿಯಿಲ್ಲ ಎಂದುಕೊಂಡು ಜನ್ಮವಿಡೀ ಕಾಮರ್ಸು ಮಾಡುತ್ತಾಳೆ.

ಬೀಗದ ಕೈ ಕಳೆದದ್ದಕ್ಕೂ ಅವರನ್ನೇ ಬೈದು ರೂಢಿ. ಆಮೇಲೆ ನನ್ನ ಸೊಂಟದಲ್ಲೇ ಸಿಕ್ಕಿತು. ಆಗಲೂ ಒಪ್ಪಿಕೊಳ್ಳಲಿಲ್ಲ.

ಬಟಾಟೆ ಸುಲಿಯುವಾಗ ಹೊಳೆಯಿತು, ಆ ಬಾಯಿ ಯಾಕೆ ಅಷ್ಟು ಸರಿಯಾಗಿದೆ ಎಂದು. ಏನೋ ಹೇಳಲು ಹೊರಟ ಬಾಯಿ. ನಲವತ್ತೆಂಟು ವರ್ಷ ನಾನು ನೋಡಿದ್ದು ಅದನ್ನೇ. ಅವರು ಶುರುಮಾಡುವುದು, ನಾನು ನಡುವೆ ತುಂಡು ಮಾಡುವುದು. ಕೊನೆಗೆ ಆಸ್ಪತ್ರೆಯಲ್ಲೂ "ಏ, ಕೇಳು" ಅಂದರು. "ಮಾತಾಡಬೇಡಿ, ಡಾಕ್ಟರು ಬೈಯುತ್ತಾರೆ" ಅಂದೆ. ಬಾಯಿ ಹಾಗೇ ಇತ್ತು. ನಾನು ಕಿಟಕಿಯ ಪರದೆ ಎಳೆಯಲು ಹೋದೆ.

ಸುಸ್ತು. ಬಟಾಟೆ ಅರ್ಧಕ್ಕೆ ಬಿಟ್ಟೆ.

ಆಗಸ್ಟ್ ೮, ಬುಧವಾರ

ಹೇಳಿದೆ. ಊಟಕ್ಕೆ ಎಲ್ಲರೂ ಕೂತಿದ್ದಾಗಲೇ. ಅವಳೊಬ್ಬಳಿಗೆ ಹೇಳಿದರೆ ಅರ್ಧ ಹೇಳಿದ ಹಾಗೆ.

"ಶೀಶಿಗೆ ಕೊಬ್ಬರಿ ಎಣ್ಣೆ ಹಾಕಿದ್ದು ನಾನು. ಹುಡುಗಿಯ ಕೈಯಲ್ಲಿ ಏನೂ ತಪ್ಪಿಲ್ಲ. ತಪ್ಪು ನನ್ನದು."

ಮೋಹನದಾಸ ತುತ್ತು ಹಿಡಿದೇ ಉಳಿದ. ವಿನೋದಾ ಲೋಟ ಕೆಳಗಿಟ್ಟು ನನ್ನ ಹಣೆ ಮುಟ್ಟಿ ನೋಡಿದಳು, ಜ್ವರವಾ ಎಂದು. ಅನುಷ್ಕಾ ಎದ್ದು ಹೋಗಿ ಚಿತ್ರದ ಹತ್ತಿರ ಮೂಗು ಇಟ್ಟಳು.

"ಅರೇ, ಅಜ್ಜನ ತಲೆಯ ವಾಸನೆ" ಅಂದಳು. ನಕ್ಕಳು. ನಗುತ್ತಾ ನಗುತ್ತಾ ಅಳಲು ಶುರುಮಾಡಿದಳು. "ಅಜ್ಜೀ, ಇಷ್ಟು ದಿನ ನಾನು..."

"ಹೌದು. ಇಷ್ಟು ದಿನ. ಈಗ ಊಟ ಮಾಡು."

ಮೋಹನದಾಸ ಹಿಡಿದ ತುತ್ತು ಕೆಳಗಿಟ್ಟು ಅಂದ: "ಇನ್ನು ಮೂರೇ ದಿನ ಉಂಟು. ಆಗುತ್ತದಾ?" ಮಗಳ ಹತ್ತಿರ ಅವನು ಬಣ್ಣದ ವಿಷಯ ಕೇಳಿದ್ದು ಇದೇ ಮೊದಲು.

ಆಗಸ್ಟ್ ೯, ಗುರುವಾರ. ಬೆಳಿಗ್ಗೆ

ಕೆರೆಯುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದಳು. ಎಣ್ಣೆಯ ಹೊಳಪು. ಬಾಯಿ ಇರಬೇಕಾದಲ್ಲಿ ಟ್ಯೂಬ್‌ಲೈಟು ಹೊಳೆಯುತ್ತಿದೆ. ಫೋಟೋಕ್ಕೆ ಈಗಲೂ ಕೂರುವುದಿಲ್ಲ ಮಾರಾಯರು.

ಚಿಕ್ಕ ಚೂರಿಯಿಂದ ತೆಗೆದಳು. ಹಣೆ, ಮೂಗು, ಗಲ್ಲ. ಬಾಯಿಯ ಹತ್ತಿರ ಬಂದಾಗ ನಿಂತು ನನ್ನನ್ನು ನೋಡಿದಳು. "ತೆಗೆ" ಅಂದೆ. ಚೂರಿಗೆ ಬಂದದ್ದನ್ನು ಪೇಪರಿಗೆ ಒರೆಸಿದಳು. ಟರ್ಪೆಂಟೈನಿನಲ್ಲಿ ತೊಳೆದಳು. ಮುಖ ಇದ್ದಲ್ಲಿ, ಅಂಗಿಯ ಮೇಲುಗಡೆ, ತೆಳ್ಳಗಿನ ಕಂದು ನೆರಳು ಮಾತ್ರ.

ಮಧ್ಯಾಹ್ನ

ಠಾಣೆಗೆ ಹೋಗಿ ಬೇರೆ ಮೀಡಿಯಂ ತಂದಿದ್ದಾಳೆ. ಬೇಗ ಒಣಗುವುದು. ಒಂದು ದಿನ ಸಾಕಂತೆ. ಆದರೆ ತಿದ್ದಲು ಸಮಯ ಕೊಡುವುದಿಲ್ಲ, ಸಂಜೆಯೊಳಗೆ ಬ್ರಷ್ಷಿಗೆ ಅಂಟಿ ಎಳೆಯಲು ಶುರು.

"ಅಜ್ಜಿ, ಈ ಸಲ ಹೀಗಿರಲಿಲ್ಲ ಹಾಗಿರಲಿಲ್ಲ ನಡೆಯುವುದಿಲ್ಲ. ಒಂದೇ ಸಲ, ಬರಾಬರ್ ಹೇಳಬೇಕು. ಬಾಯಿ ಹೇಗಿತ್ತು?"

ಐದು ನಿಮಿಷ ಕೊಡು ಎಂದು ಒಳಗೆ ಬಂದು ಕೂತಿದ್ದೇನೆ. ಬರೆದರೆ ಕಾಣಬಹುದೋ ಏನೋ.

ನಗುತ್ತಿರಲಿಲ್ಲ. ಹಲ್ಲು ಕಾಣುತ್ತಿರಲಿಲ್ಲ. ಕೆಳತುಟಿ ಒಣಗಿ ನಡುವೆ ಒಂದು ಗೀರು. ನಾನು ಏನಾದರೂ ಅಂದೇನು ಎಂಬ ಅಂದಾಜು ಬಲತುದಿಯಲ್ಲಿ, ಅಲ್ಲಿ ಸ್ವಲ್ಪ ಕೆಳಗೆ. ಆದರೂ ತೆರೆಯುತ್ತಿತ್ತು. ಪ್ರತಿ ಸಲ ತೆರೆಯುತ್ತಿತ್ತು.

ಕರೆಯುತ್ತಿದ್ದಾಳೆ. ಬಣ್ಣ ಕಲಸಿ ಆಯಿತಂತೆ. ಇದೊಂದು ಸಾಲು ಬರೆದು ಏಳುತ್ತೇನೆ.

ಬಂದೆ. "ಏ, ಕೇಳು" ಅನ್ನುವಾಗ, "ಏ" ಹೊರಗೆ ಬಂದು, "ಕೇ" ಇನ್ನೂ ಬರುವ ಮೊದಲು, ತುಟಿ—