ಕೊನೆಯ ಎಳೆ ಸಿಗುವ ತನಕ

ಕಪ್ಪತಗುಡ್ಡದ ಕಂಬದೂರು,
ಉರಿಗಾಲದ ಮೂವತ್ತೆಂಟನೆಯ ತಾರೀಖು, ೨೪೧೨.

ನಮಗಿಂತ ಬಹಳ ಮೊದಲು ಬದುಕಿದವರಿಗೆ ಚಂಪವ್ವ ಡೋಣಿಯ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನೀವು ಬಿಟ್ಟುಹೋದ ತಿಂಗಳುಗಳು ನಮ್ಮ ಬಿಸಿಲಿಗೆ ಸಾಲದೆ ಹೋದವು. ಈಗ ವರ್ಷಕ್ಕೆ ಉರಿಗಾಲ, ತಂಪುಗಾಲ ಎಂದು ಎರಡೇ ಭಾಗ. ಈ ಓಲೆ ನಿಮಗೆ ಹೇಗೆ ತಲುಪುತ್ತದೋ ನನಗೆ ತಿಳಿಯದು, ತಲುಪಿಸುತ್ತೇವೆ ಎಂದವರ ಮಾತು ನಂಬಿ ಬರೆಯುತ್ತಿದ್ದೇನೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರ ಎನಿಸಿದರೆ ಕ್ಷಮಿಸಿ. ಅದರಲ್ಲೂ 'ಕಾಯುವುದು' ಎಂಬ ಮಾತನ್ನು ಇಲ್ಲಿ ಮತ್ತೆ ಮತ್ತೆ ಬರೆಯಬೇಕಾಗಿದೆ. ನಮ್ಮಲ್ಲಿ ಮರ್ಯಾದಸ್ಥರು ಅದನ್ನು ಆಡುವುದಿಲ್ಲ. ಜಗಳದಲ್ಲಿ ಬಾಯಿ ಹೊಲಸು ಮಾಡಿಕೊಳ್ಳಲು ಹೇಸದವರು ಮಾತ್ರ ಎದುರಿನವರನ್ನು 'ಕಾಯುವವರ ಪೈಕಿ' ಎಂದು ಬೈಯುತ್ತಾರೆ. ನನ್ನ ಹೆಗಲು ಇನ್ನೂ ನೋಯುತ್ತಿದೆ, ಅಕ್ಷರ ಸೊಟ್ಟಗಾದರೆ ಅದನ್ನೂ ಮನ್ನಿಸಿ.

ನೀವು ಗುಡ್ಡದ ಮೇಲೆ ನೆಟ್ಟ ಗಾಳಿಯಂತ್ರಗಳು ನೆನಪಿವೆಯೇ? ಅವುಗಳ ಜಾಗದಲ್ಲಿ ನಿಮ್ಮ ಮಕ್ಕಳು ಇನ್ನೂ ದಪ್ಪನೆಯ ಕಂಬಗಳ ಗಾಳಿಯಂತ್ರಗಳನ್ನು ಎಬ್ಬಿಸಿದರು, ಅವರ ಮಕ್ಕಳು ಬಿಸಿಲು ತಾಳಲಾರದೆ ಆ ಕಂಬಗಳ ಹೊಟ್ಟೆಯೊಳಗೇ ಸಂಸಾರ ಹೂಡಿದರು. ಅದೇ ಕಂಬದೂರು. ಒಂದೊಂದು ಕಂಬವೂ ಒಂದೊಂದು ಓಣಿ, ಮೇಲಿನಿಂದ ಕೆಳಗಿನವರೆಗೆ ಮನೆಗಳು. ರೊಟ್ಟಿ ಬಡಿಯುವ ಸದ್ದು ಒಂದು ಮನೆಯಲ್ಲಿ ಎದ್ದರೆ ಕಂಬಕ್ಕೆಲ್ಲ ಹಸಿವಾಗುತ್ತದೆ. ಬುಡದಲ್ಲಿ ಒಂದೇ ಉಕ್ಕಿನ ಬಾಗಿಲು. ಉರಿಗಾಳಿ ಬರುವ ಮುನ್ನ ಕೊಂಬು ಕೂಗುತ್ತದೆ, ಕೂಗು ಮುಗಿದೊಡನೆ ಬಾಗಿಲು ಮುಚ್ಚುತ್ತದೆ. ನಮ್ಮ ಮುತ್ತಜ್ಜಿಯರ ಕಾಲದಲ್ಲಿ ಒಂದು ಕಂಬದವರು ಹೊರಗುಳಿದ ಒಬ್ಬನಿಗಾಗಿ ಬಾಗಿಲು ತೆರೆದಿಟ್ಟರು. ಗಾಳಿ ಒಳನುಗ್ಗಿ ಕಂಬವೆಲ್ಲ ಬೆಂದುಹೋಯಿತು. ಅಂದಿನಿಂದ ನಾವು ಯಾರಿಗೂ ಕಾಯುವುದಿಲ್ಲ. ಹೊರಗುಳಿದವರು ಕಲ್ಲುಗೂಡಿಗೆ, ಎಂದರೆ ಗುಡ್ಡದ ಬಂಡೆಯಲ್ಲಿ ಕೊರೆದ ಪೊಟರೆಗೆ, ಹೋಗಿ ಕೂರಬೇಕು. ಉಳಿದರೆ ಉಳಿದರು. ಅವರು ಕೂಗಿ ಕರೆಯಬಾರದು, ಒಳಗಿನವರ ಮನಸ್ಸು ಕರಗೀತೆಂದು. ಬಾಗಿಲು ಮುಚ್ಚಿದ ಮೇಲೆ ಒಳಗಿನವರು ಗಾಜಿನ ಕಿಂಡಿಯಿಂದ ಹೊರಗೆ ನೋಡಬಾರದು.

ಈ ರೂಢಿ ಬಾಗಿಲಲ್ಲೇ ನಿಲ್ಲಲಿಲ್ಲ. ಊಟಕ್ಕೆ ಕೂತವರು ಉಣ್ಣುತ್ತಾರೆ, ತಡವಾದವರಿಗೆ ತಳ ಹಿಡಿದದ್ದು. ಮದುವೆಯಲ್ಲಿ ಮದುಮಗ ತಡಮಾಡಿದರೆ ಅವನಿಲ್ಲದೆಯೇ ಅಕ್ಷತೆ ಬೀಳುತ್ತದೆ. ನನ್ನ ಗಂಡನೂ ಹಾಗೆಯೇ ಬಂದು ಖಾಲಿ ಮಣೆಯ ಪಕ್ಕದಲ್ಲಿ ತಲೆ ತುರಿಸುತ್ತ ನಿಂತಿದ್ದ. ಇವತ್ತಿಗೂ ಅದನ್ನು ಹೇಳಿ ಅವನನ್ನು ಗೋಳು ಹೊಯ್ದುಕೊಳ್ಳುತ್ತೇನೆ.

ನನ್ನ ಕೆಲಸ ತೊಗಲುಮನೆಯಲ್ಲಿ. ಸುಟ್ಟುಕೊಂಡವರ ಮೈಯಿಂದ ಬೇಳೆಯಷ್ಟು ಚರ್ಮ ತೆಗೆದು, ಅದರ ಜೀವಕೋಶಗಳನ್ನು ತಟ್ಟೆಯಲ್ಲಿಟ್ಟು, ಪಂಚೆಯಗಲ ಬೆಳೆಸುವ ಮನೆ ಅದು. ಕೋಶಗಳು ಒಂದು ಎರಡಾಗುವುದನ್ನು, ಕಣ್ಣಿಗೆ ಕಾಣದ್ದನ್ನು ಹಿಗ್ಗಿಸಿ ತೋರಿಸುವ ದೊಡ್ಡಗೋಡೆಯ ಮೇಲೆ ಮೂಡಿಸಿ ನೋಡುವವಳು ನಾನು. ಅದನ್ನು ನೀವೂ ನೋಡಿರುತ್ತೀರಿ, ಆದರೂ ಹೇಳುತ್ತೇನೆ, ಯಾಕೆಂದರೆ ನನಗೆ ಅದರಷ್ಟು ಚೆಂದದ್ದು ಬೇರೆ ಕಂಡಿಲ್ಲ. ಕೋಶ ಒಡೆಯುವ ಮೊದಲು ಅದರೊಳಗಿನ ನಲವತ್ತಾರು ವರ್ಣತಂತುಗಳು ತಮ್ಮ ತಮ್ಮ ಪ್ರತಿ ಮಾಡಿಕೊಂಡು, ಅಂಟಿಕೊಂಡ ಜೋಡಿ ಎಳೆಗಳಾಗುತ್ತವೆ. ಆಮೇಲೆ ಮುದುಡಿ ದಪ್ಪಗಾಗುತ್ತವೆ. ಕೋಶದ ಎರಡು ತುದಿಗಳಿಂದ ಸಪೂರ ದಾರಗಳು ಬಂದು ಒಂದೊಂದು ಜೋಡಿಯನ್ನೂ ಎರಡೂ ಕಡೆಯಿಂದ ಹಿಡಿಯುತ್ತವೆ. ಜೋಡಿಗಳೆಲ್ಲ ನಡುವೆ ಸಾಲಾಗಿ ನಿಲ್ಲುತ್ತವೆ. ಆಗ ಅಂಟು ಕರಗಿ, ಜೋಡಿ ಬಿಟ್ಟು, ಅರ್ಧ ಆಚೆಗೆ, ಅರ್ಧ ಈಚೆಗೆ ಸರಿಯುತ್ತವೆ. ಎರಡೂ ಕಡೆಗೆ ನಲವತ್ತಾರು, ಒಂದು ಹೆಚ್ಚಲ್ಲ, ಒಂದು ಕಡಿಮೆಯಲ್ಲ ಎಂದು ಓದಿ ಕಲಿತಿದ್ದೆವು.

ಆದರೆ ಅಲ್ಲೊಂದು ತಡ ಇತ್ತು. ಎಲ್ಲವೂ ಸಾಲಾಗಿ ನಿಂತಿದ್ದರೂ ಯಾವುದೋ ಒಂದು ಜೋಡಿ ದಾರಕ್ಕೆ ಸಿಗದೆ ಮೂಲೆಯಲ್ಲಿ ಅಲೆದಾಡುತ್ತಿದ್ದರೆ, ಕೋಶ ಒಡೆಯುತ್ತಲೇ ಇರಲಿಲ್ಲ. ಸುಮ್ಮನೆ ನಿಂತಿರುತ್ತಿತ್ತು. ನಮ್ಮ ಹಿರಿಯ ವೈದ್ಯ ರೇವಣಪ್ಪನವರು ಗೋಡೆಯೆದುರು ನಿಂತು, ಒಂದರ ಸಲುವಾಗಿ ಉಳಿದವೆಲ್ಲ ನಿಲ್ಲುವುದು ಹುಚ್ಚುತನ, ಬೆಂದ ಕಂಬದ ಬುದ್ಧಿ ಇದಕ್ಕಿನ್ನೂ ಹೋಗಿಲ್ಲ ಎಂದರು. ನಾವೆಲ್ಲ ಹೌದೆಂದು ತಲೆಯಾಡಿಸಿದೆವು. ಕಾಯುವ ಆ ಗುಣವನ್ನು ಕೋಶದಿಂದಲೇ ಕಿತ್ತುಹಾಕುವ ಉಪಾಯವನ್ನು ಅವರು ಕಂಡುಹಿಡಿದರು. ಒಂದೊಂದು ವಿಭಜನೆಯಲ್ಲಿ ಉಳಿದ ಚೂರುಪಾರು ಹೊತ್ತು ಕೂಡಿಕೊಂಡು, ತಟ್ಟೆಗಳು ಹಿಂದೆಂದೂ ಕಾಣದ ವೇಗದಲ್ಲಿ ತುಂಬತೊಡಗಿದವು. ಊರಿಗೆಲ್ಲ ಹೋಳಿಗೆ ಹಂಚಿದೆವು. ಅದಕ್ಕೆ ಬೇಗತೊಗಲು ಎಂದು ಹೆಸರಾಯಿತು.

ನನ್ನ ಮಗಳು ನೀಲಾಂಬಿಕೆ ರೆಕ್ಕೆಯೇರುವವಳು, ಎಂದರೆ ಗಾಳಿಯಂತ್ರದ ತುದಿಗೆ ಹತ್ತಿ ರಿಪೇರಿ ಮಾಡುವವಳು. ಈ ಉರಿಗಾಲದ ಮೊದಲಲ್ಲಿ ಮೇಲೆ ಎಣ್ಣೆಗೆ ಬೆಂಕಿ ಹತ್ತಿ ಅವಳ ಬೆನ್ನೂ ಬಲತೋಳೂ ಸುಟ್ಟವು. ಬೇಗತೊಗಲು ಹಾಕಿದೆವು. ನೋಡನೋಡುತ್ತ ಗಾಯ ಮುಚ್ಚಿತು. ನಾನು ರೇವಣಪ್ಪನವರ ಕಾಲಿಗೆ ಬಿದ್ದೆ.

ಹತ್ತು ದಿನಗಳ ಹಿಂದೆ ಅವಳ ಬೆನ್ನಿಗೆ ಎಣ್ಣೆ ಹಚ್ಚುವಾಗ ಕೈಗೆ ಗಂಟುಗಳು ಸಿಕ್ಕವು. ಕಡಲೆಕಾಳಿನಂಥವು, ಒಂದೆರಡಲ್ಲ. ಒಂದು ಚಿವುಟಿ ತಂದು ಗೋಡೆಯ ಮೇಲೆ ಮೂಡಿಸಿದೆ. ಇಲ್ಲಿ ನಮ್ಮ ಇನ್ನೊಂದು ಪದ್ಧತಿ ನಿಮಗೆ ತಿಳಿದಿರಬೇಕು. ಎಳೆಗಳು ಬೇರೆಯಾಗತೊಡಗಿದ ಕೂಡಲೇ ನಾವು ಗೋಡೆ ಆರಿಸಿಬಿಡುತ್ತೇವೆ. ಬಾಗಿಲು ಮುಚ್ಚಿದ ಮೇಲೆ ಹೊರಗೆ ನೋಡಬಾರದು ಎಂದು ಹುಟ್ಟಿದಾಗಿನಿಂದ ಕಲಿತವರು, ಇಲ್ಲಿಯೂ ಕಣ್ಣು ತಾನಾಗಿ ಹೊರಳುತ್ತದೆ. ಬೇರೆಯವರ ತೊಗಲಾಗಿದ್ದರೆ ನಾನೂ ಆರಿಸುತ್ತಿದ್ದೆ. ಇದು ನನ್ನ ಮಗಳದು. ಆರಿಸಲಿಲ್ಲ.

ಸಾಲು ಇನ್ನೂ ಕೂಡಿಬಂದಿರಲಿಲ್ಲ, ಅಷ್ಟರಲ್ಲೇ ಕೋಶ ಎಳೆಗಳನ್ನು ಹರಿದು ಎರಡು ಕಡೆಗೆ ಎಳೆಯಿತು. ಮೂಲೆಯಲ್ಲಿದ್ದ ಒಂದು ಜೋಡಿ ಬಿಡಿಸಿಕೊಳ್ಳಲಾಗದೆ ಇಡಿಯಾಗಿ ಒಂದೇ ಕಡೆಗೆ ಹೋಯಿತು. ಎಣಿಸಿದೆ. ಒಂದು ಕಡೆ ನಲವತ್ತೇಳು, ಇನ್ನೊಂದು ಕಡೆ ನಲವತ್ತೈದು. ನನ್ನ ಕಣ್ಣೇ ತಪ್ಪಿರಬೇಕೆಂದು ಮತ್ತೆ ಎಣಿಸಿದೆ. ಪಕ್ಕದ ಕೋಶ ನೋಡಿದೆ, ಅಲ್ಲಿ ಇನ್ನೂ ಕೆಟ್ಟಿತ್ತು, ಅದರಾಚೆ ಲೆಕ್ಕವೇ ಹತ್ತಲಿಲ್ಲ. ಕೆಲವು ಸತ್ತಿದ್ದವು, ಕೆಲವು ಅಂಕೆಯಿಲ್ಲದೆ ಹಡೆಯುತ್ತಿದ್ದವು. ಅದೇ ಆ ಗಂಟು. ಇದನ್ನು ನಾನೇ ನನ್ನ ಕೈಯಾರೆ ಮಗಳ ಬೆನ್ನಿಗೆ ಹಾಸಿದ್ದೆ!

ರೇವಣಪ್ಪನವರನ್ನು ಎಳೆದುಕೊಂಡು ಬಂದು ತೋರಿಸಿದೆ. ಅವರೂ ಎರಡೂ ಕಡೆ ಎಣಿಸಿದರು. ಆಮೇಲೆ ಇಬ್ಬರೂ ಕೂಡಿ ನೀಲಾಳ ಮೈಯ ಸುಡದ ಭಾಗದಿಂದ ತೆಗೆದ ಹಳೆಯ ಗುಣದ ಕೋಶವನ್ನು ಮೂಡಿಸಿ, ಈ ಸಲ ಕೊನೆಯ ತನಕ ನೋಡಿದೆವು. ಅಲ್ಲಿ ಕಂಡದ್ದು ನನ್ನನ್ನು ಇನ್ನೂ ಬೆಚ್ಚಿಬೀಳಿಸಿತು. ಕೋಶಕ್ಕೆ 'ನಿಲ್ಲು' ಎಂದು ಹೇಳುತ್ತಿದ್ದುದು ಸಾಲಿನಲ್ಲಿ ನಿಂತವುಗಳಲ್ಲ, ಮೇಲಿನ ಯಾವ ಅಧಿಕಾರಿಯೂ ಅಲ್ಲ. ದಾರಕ್ಕೆ ಸಿಗದೆ ಉಳಿದ ಆ ಒಂದೇ ಎಳೆ ತನ್ನ ಮೈಯಿಂದ ಒಂದು ಸಂಕೇತ ಬಿಡುತ್ತಿತ್ತು. ಅದೊಂದರ ಕೂಗಿಗೆ ಕೋಶವೆಲ್ಲ ನಿಲ್ಲುತ್ತಿತ್ತು. ದಾರ ಸಿಕ್ಕೊಡನೆ ಕೂಗು ನಿಂತಿತು, ಕೋಶ ಒಡೆಯಿತು.

"ಒಂದರ ಸಲುವಾಗಿ ನಿಲ್ಲತೈತಿ ಅಂತ ತಿಳಿದಿದ್ದೆ, ಚಂಪವ್ವ" ಎಂದರು ರೇವಣಪ್ಪನವರು. "ಅದು ಎಲ್ಲಾರ ಸಲುವಾಗಿ ನಿಲ್ಲತಿತ್ತು."

ಬೇಗತೊಗಲನ್ನು ತೆಗೆದುಹಾಕಿದ್ದೇವೆ. ನೀಲಾಳ ಬೆನ್ನು ಮತ್ತೆ ಹಸಿಗಾಯ. ಕೆಟ್ಟ ಕೋಶಗಳು ಒಳಗೆಲ್ಲಾದರೂ ಇಳಿದಿವೆಯೋ ಇಲ್ಲವೋ ಯಾರೂ ಹೇಳಲಾರರು. ನಾನು ಗೋಡೆಯ ಮೇಲೆ ಕಂಡದ್ದನ್ನೆಲ್ಲ ಅವಳಿಗೆ ಹೇಳಿದೆ. ಕೂಗುವ ಎಳೆಯ ವಿಷಯ ಬಂದಾಗ ಅವಳು ಅದನ್ನು ಮತ್ತೊಮ್ಮೆ ಹೇಳಿಸಿಕೊಂಡಳು.

ನಿನ್ನೆ ತೊಗಲುಮನೆಯಿಂದ ನಮ್ಮ ಕಂಬಕ್ಕೆ ನಾನು ಮುಂದೆ ಬಂದಿದ್ದೆ, ಅವಳು ಪಟ್ಟಿ ಕಟ್ಟಿಸಿಕೊಂಡು ಹಿಂದೆ ಬರುವವಳಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ಕೊಂಬು ಕೂಗಿತು. ಎಲ್ಲರೂ ಒಳಗೆ ನುಗ್ಗಿದರು. ಬಾಗಿಲು ಸರಿಯತೊಡಗಿತು, ರೂಢಿಯಂತೆ ಎಲ್ಲರೂ ಬೆನ್ನು ತಿರುಗಿಸಿದರು. ಆಗ ಹೊರಗಿನಿಂದ ಕೂಗು ಕೇಳಿತು.

"ನಿಂದರ್ರೀ! ಇನ್ನ ನಾ ಹೊರಗ ಅದೀನಿ!"

ನಮ್ಮ ಕಂಬದಲ್ಲಿ ಯಾರೂ ಅಂಥ ಕೂಗನ್ನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಒಬ್ಬಳು ಕಿವಿ ಮುಚ್ಚಿಕೊಂಡಳು. ನಾನು ಓಡಿಹೋಗಿ ಬಾಗಿಲ ಸಂದಿಗೆ ಹೆಗಲು ಕೊಟ್ಟೆ. ಮುದುಕಿಯ ಹೆಗಲಿಗೆ ಉಕ್ಕು ನಿಲ್ಲುತ್ತದೆಯೇ? ನನ್ನ ಮೂಳೆ ಮುರಿಯಿತೆಂದೇ ಅಂದುಕೊಂಡೆ. ಅಷ್ಟರಲ್ಲಿ ನನ್ನ ಪಕ್ಕದಲ್ಲಿ ಇನ್ನೊಂದು ಹೆಗಲು ಬಂತು, ಮದುವೆಗೆ ತಡವಾಗಿ ಬಂದ ನನ್ನ ಗಂಡನದು. ಆಮೇಲೆ ಯಾರ್ಯಾರದೋ. ಬಾಗಿಲು ನಿಂತಿತು. ಗುಡ್ಡದ ತಿರುವಿನಲ್ಲಿ ಕೆಂಪು ಧೂಳು ಏಳುವುದು ಕಾಣುತ್ತಿತ್ತು. ನೀಲಾ ಪಟ್ಟಿ ಬಿಚ್ಚಿಕೊಂಡ ಬೆನ್ನಿನಲ್ಲಿ ಓಡಲಾರದೆ ಓಡಿಬಂದಳು. ಅವಳು ಒಳಗೆ ಬಿದ್ದ ಮೇಲೆ ಬಿಟ್ಟೆವು. ಬಾಗಿಲು ಮುಚ್ಚಿತು, ಗಾಳಿ ಅದಕ್ಕೆ ಬಂದು ಅಪ್ಪಳಿಸಿತು. ಇನ್ನು ಸ್ವಲ್ಪ ತಡವಾಗಿದ್ದರೆ ನಾವೆಲ್ಲ ಬೇಯುತ್ತಿದ್ದೆವು, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ನಿಮ್ಮ ಕಾಲದಲ್ಲಿ ಯಾರಾದರೂ ಆ ತಡವನ್ನು ಸೂಕ್ಷ್ಮದರ್ಶಕದಲ್ಲಿ ಕಂಡು, ಇದನ್ನು ಕಿತ್ತುಹಾಕಿದರೆ ಲಾಭವಿದೆ ಎಂದು ಹೊರಡಬಹುದು. ಅವರಿಗೆ ಹೇಳಿ, ಎಳೆಗಳು ಬೇರೆಯಾದ ಮೇಲೂ ಕಣ್ಣು ಹೊರಳಿಸದೆ ನೋಡಿ, ಎರಡೂ ಕಡೆ ಎಣಿಸಿ ಎಂದು. ನನ್ನದು ಇಷ್ಟೇ ಬೇಡಿಕೆ.

ನೀಲಾ ನನ್ನ ಪಕ್ಕದಲ್ಲೇ ಬೋರಲು ಮಲಗಿದ್ದಾಳೆ. ತಟ್ಟೆಯಲ್ಲಿ ಹಳೆಯ ಗುಣದ ತೊಗಲು ಅಂಗೈಯಗಲ ಆಗಿದೆ. ಇನ್ನೂ ಬಹಳ ಬೇಕು, ಅವಸರ ಮಾಡುವಂತಿಲ್ಲ. ರೇವಣಪ್ಪನವರು ಬಂದು ಏನು ಮಾಡುತ್ತಿದ್ದೀರಿ ಎಂದು ಕೇಳಿದರು. ನಮ್ಮಲ್ಲಿ ಮರ್ಯಾದಸ್ಥರು ಆಡದ ಆ ಮಾತನ್ನು ನಾನು ಅವರೆದುರು ನಾಚಿಕೆಯಿಲ್ಲದೆ ಆಡಿದೆ, ನಿಮಗೂ ಅದನ್ನೇ ಬರೆಯುತ್ತೇನೆ.

ಕಾಯುತ್ತಿದ್ದೇವೆ.

ಚಂಪವ್ವ